ಮನೆದೇವರ ಪ್ರಶ್ನೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರಾದ ಕಾಂತಪ್ಪನವರೇ, ಧಾರವಾಡದಿಂದ ಇಷ್ಟು ದೂರ ಬಂದಿರುವ ಮುಖ್ಯ ಅತಿಥಿಗಳೇ, ಕಾರ್ಯಕಾರಿ ಸಮಿತಿಯ ನನ್ನ ಬಂಧುಗಳೇ, ಹಿಂದಿನ ಸಾಲಿನಲ್ಲಿ ಕುಳಿತು ಊಟದ ಕೋಣೆಯ ಬಾಗಿಲಿನ ಮೇಲೆ ಕಣ್ಣಿಟ್ಟಿರುವ ಯುವಮಿತ್ರರೇ, ಮತ್ತು ಎಲ್ಲ ಸಭಿಕರೇ,

ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಇಂದು ನನಗೆ ಸನ್ಮಾನ. ಮೂವತ್ತೊಂದು ವರ್ಷ ವಧು-ವರ ವಿಭಾಗವನ್ನು ನೋಡಿಕೊಂಡ ಚನ್ನಬಸವ್ವನಿಗೆ ಇವತ್ತು ಬಿಡುಗಡೆ. ಪದ್ಧತಿಯಂತೆ ಸನ್ಮಾನ ಮೊದಲು, ಭಾಷಣ ಆಮೇಲೆ. ನಾನು ಅಧ್ಯಕ್ಷರನ್ನು ಕೇಳಿಕೊಂಡು ಭಾಷಣವನ್ನೇ ಮೊದಲು ಹಾಕಿಸಿದೆ. ಶಾಲು ಹೊದ್ದು ಮಾತನಾಡಿದರೆ ಸೆಕೆಯಾಗುತ್ತದೆ ಎಂದು ಹೇಳಿದೆ, ಅವರು ನಂಬಿದರು. ಒಳ್ಳೆಯ ಮನುಷ್ಯರು.

ವಿಭಾಗದ ಪ್ರಗತಿಯ ಕುರಿತು ಹತ್ತು ನಿಮಿಷ ಮಾತನಾಡಿ ಎಂದಿದ್ದಾರೆ. ಪ್ರಗತಿಯೆಲ್ಲ ವರದಿಯಲ್ಲಿ ಅಚ್ಚಾಗಿದೆ. ಆ ವರದಿ ನಿಮ್ಮ ಕೈಯಲ್ಲೇ ಇದೆ, ಕೆಲವರಿಗೆ ಬೀಸಣಿಗೆಯಾಗಿ ಉಪಯೋಗಕ್ಕೂ ಬಂದಿದೆ. ಆದ್ದರಿಂದ ನಾನು ಇಂದು ಒಂದು ತೂತಿನ ಬಗ್ಗೆ ಮಾತನಾಡುತ್ತೇನೆ. ನಮ್ಮ ಸಂಘದ ವೆಬ್‌ಸೈಟಿನಲ್ಲಿ ಎರಡು ವರ್ಷ ಇದ್ದ ತೂತು. ಅದನ್ನು ಕೊರೆದವಳು ನಾನು. ಕೊರೆದದ್ದಕ್ಕೆ ಸಮಿತಿಯಿಂದ ಚಪ್ಪಾಳೆ ಗಿಟ್ಟಿಸಿದವಳೂ ನಾನೇ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ, ನಿಮಗೆ ಗೊತ್ತಿಲ್ಲದ್ದೇನಲ್ಲ. ನನಗೆ ಎಲ್ಲವೂ ತಿಳಿಯಬೇಕು. ಬೈಲಹೊಂಗಲದಿಂದ ಮದುವೆಯಾಗಿ ಪುಣೆಗೆ ಬಂದು ಸ್ವಾರಗೇಟದಲ್ಲಿ ಬಸ್ಸಿನಿಂದ ಇಳಿದ ದಿನವೇ, ಪಕ್ಕದ ಸೀಟಿನ ಮರಾಠಿ ಹೆಂಗಸಿನ ಮೂರು ಮಕ್ಕಳ ಹೆಸರು, ಸೊಸೆಯ ತವರುಮನೆ, ಅತ್ತೆಯ ಮೊಣಕಾಲು ನೋವು, ಎಲ್ಲ ನನಗೆ ಗೊತ್ತಾಗಿತ್ತು. ಆಗ ನನಗೆ ಮರಾಠಿ ಬರುತ್ತಿರಲಿಲ್ಲ ಎಂಬುದನ್ನು ಗಮನಿಸಿ. ನಮ್ಮ ಯಜಮಾನರು ಆ ದಿನ ಅಂದದ್ದು ಇನ್ನೂ ನೆನಪಿದೆ: “ಏ, ನೀ ಪೊಲೀಸ್ ಖಾತೆಗೆ ಹೋಗಬೇಕಾಗಿತ್ತು ನೋಡು. ನನ್ನ ಕೈಯಾಗ ಯಾಕ ಸಿಕ್ಕಿ?”

ಇಂಥವಳ ಕೈಗೆ ವಧು-ವರರ ದಫ್ತರ ಕೊಟ್ಟರೆ ಏನಾಗಬೇಕು ಹೇಳಿ? ಆಗ ಎಲ್ಲ ಕೈಬರಹ. ಉದ್ದನೆಯ ಪುಸ್ತಕ, ಕೆಂಪು ರಟ್ಟು. ಒಂದು ಪುಟಕ್ಕೆ ಒಬ್ಬ ಹುಡುಗ ಅಥವಾ ಹುಡುಗಿ. ಎಡಗಡೆ ಎಲ್ಲರಿಗೂ ತೋರಿಸುವ ವಿವರ, ಬಲಗಡೆ ಮನೆಯವರು ಬಂದು ನನ್ನ ಕಿವಿಯಲ್ಲಿ ಹೇಳಿದ ವಿವರ. ಯಾರಿಗೆ ಸಕ್ಕರೆ ಕಾಯಿಲೆ, ಯಾರ ನಿಶ್ಚಯವಾದ ಸಂಬಂಧ ಹಿಂದೆ ಮುರಿದಿದೆ, ಯಾವ ಹುಡುಗ ಮನೆಯವರಿಗೆ ಬೇಡದ ಇನ್ನೊಬ್ಬಳನ್ನು ಮೆಚ್ಚಿದ್ದಾನೆ. ಬುಧವಾರ ಮಧ್ಯಾಹ್ನ ನಾನು ಸಂಘದ ಆಫೀಸಿನಲ್ಲಿ ಕುಳಿತರೆ ಪುಣೆಯ ಅರ್ಧ ಕನ್ನಡಿಗರ ಗುಟ್ಟು ನನ್ನ ಮೇಜಿನ ಮೇಲಿರುತ್ತಿತ್ತು. ನಾನು ಒಂದನ್ನೂ ಹೊರಗೆ ಬಿಡಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತೇನೆ. ಆ ಪುಸ್ತಕದ ಕಾಲದಲ್ಲಿ ನಾನು ಒಂದನ್ನೂ ಹೊರಗೆ ಬಿಡಲಿಲ್ಲ.

ಮೂರು ವರ್ಷದ ಹಿಂದೆ ವೆಬ್‌ಸೈಟ್ ಬಂತು. ಅದನ್ನು ಮಾಡಿಕೊಟ್ಟ ವಿಕಾಸ ಇಲ್ಲಿಯೇ ಇದ್ದಾರೆ, ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದಾರೆ. ಅದರಲ್ಲಿ ಎಲ್ಲರೂ ನೋಡುವ ಪುಟ ಬೇರೆ, ಖಾಸಗಿ ಟಿಪ್ಪಣಿಯ ಪುಟ ಬೇರೆ. ಖಾಸಗಿ ಟಿಪ್ಪಣಿಯನ್ನು ಬರೆದ ಮನೆಯವರು ಮಾತ್ರ ನೋಡಬಹುದು. ಮಾತುಕತೆ ಮುಂದುವರಿದರೆ, ತಮಗೆ ಬೇಕೆನಿಸಿದಾಗ, ತಾವೇ ಎದುರು ಕಡೆಯವರಿಗೆ ತೋರಿಸಬಹುದು. “ಮತ್ತ ನನಗ?” ಎಂದು ಕೇಳಿದೆ. ವಿಕಾಸ ನಕ್ಕು, “ನಿಮಗೂ ಇಲ್ರಿ ಅಕ್ಕಾರ. ಸಮಿತಿಗೂ ಇಲ್ಲ. ಜನಾನ ಹಂಗ ಕೇಳ್ಯಾರ” ಎಂದರು. ನಾನೂ ನಕ್ಕೆ. ಆದರೆ ಸಭಿಕರೇ, ಇಪ್ಪತ್ತೆಂಟು ವರ್ಷ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳನ್ನು ಒಂದು ದಿನ ಅಂಗಳದಲ್ಲಿ ಕೂರಿಸಿದರೆ ಹೇಗಿರುತ್ತದೆ? ನನಗೆ ಬೇಸರವಾಯಿತು. ಬಹಳ ಬೇಸರವಾಯಿತು.

ಆಮೇಲೆ ಪಾಸ್‌ವರ್ಡಿನ ಪ್ರಶ್ನೆ ಬಂತು. ನಮ್ಮ ಹಿರಿಯರು ಅದನ್ನು ಮರೆಯುತ್ತಾರೆ. ಮರೆತರೆ ಮೊಬೈಲಿಗೆ ಒಂದು ಸಂಖ್ಯೆ ಕಳಿಸೋಣ ಎಂದರು ವಿಕಾಸ. ಬೇಡ, ಹಿರಿಯರ ಮೊಬೈಲು ಯಾವಾಗಲೂ ಮೊಮ್ಮಕ್ಕಳ ಕೈಯಲ್ಲಿರುತ್ತದೆ ಎಂದೆ. ಹಾಗಾದರೆ ಏನಾದರೂ ಒಂದು ಪ್ರಶ್ನೆ ಕೇಳೋಣ, ಉತ್ತರ ಸರಿಯಾದರೆ ಒಳಗೆ ಬಿಡೋಣ, ಆದರೆ ಅದು ಅವರು ಎಂದೂ ಮರೆಯದ ಉತ್ತರವಾಗಿರಬೇಕು ಎಂದರು. ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಜನ ಎಂದೂ ಮರೆಯದ್ದು ಯಾವುದು? “ನಿಮ್ಮ ಮನೆದೇವರು ಯಾವುದು?” ಎಂದು ಕೇಳಿ ಎಂದೆ. ಸಮಿತಿಯಲ್ಲಿ ಚಪ್ಪಾಳೆ ಬಿತ್ತು. ಕಾಂತಪ್ಪನವರು, “ಇದು ನೋಡ್ರಿ ಅನುಭವ ಅಂದ್ರ” ಎಂದರು. ಅಂದರು, ಅಲ್ಲವೇ? ನಾನು ಟಿಪ್ಪಣಿ ಇಟ್ಟಿದ್ದೇನೆ.

ಈಗ ನಗಬೇಡಿ, ಒಂದು ಪ್ರಶ್ನೆ ಕೇಳುತ್ತೇನೆ. ನಮ್ಮವರು ಇಬ್ಬರು ಪಿಂಪ್ರಿಯಲ್ಲೋ ಹಡಪ್ಸರದಲ್ಲೋ ಮೊದಲ ಸಲ ಭೇಟಿಯಾದರೆ ಏನು ಮಾತನಾಡುತ್ತಾರೆ? ಯಾವ ಊರು? ಯಾರ ಪೈಕಿ? ಮನೆದೇವರು ಯಾವುದು? ಚಹಾ ಬರುವುದರೊಳಗೆ ಗೊತ್ತಾಗಿರುತ್ತದೆ. ಗೊಡಚಿ ವೀರಭದ್ರ, ಸವದತ್ತಿ ಯಲ್ಲಮ್ಮ, ಬಾದಾಮಿ ಬನಶಂಕರಿ, ಮೈಲಾರಲಿಂಗ, ವೆಂಕಟೇಶ. ಈ ಐದರಲ್ಲಿ ಈ ಸಭಾಗೃಹದ ಮುಕ್ಕಾಲು ಪಾಲು ಜನ ಮುಗಿದುಹೋಗುತ್ತಾರೆ. ಅಷ್ಟೇ ಸಾಲದೆಂದು ನಾವು ಇನ್ನೊಂದು ಕೆಲಸ ಮಾಡಿದ್ದೆವು. ಎಲ್ಲರೂ ನೋಡುವ ಪುಟದಲ್ಲಿ, ಎತ್ತರ ಮತ್ತು ಬಣ್ಣದ ಕೆಳಗೆ, ದಪ್ಪ ಅಕ್ಷರದಲ್ಲಿ ಮನೆದೇವರ ಹೆಸರನ್ನು ಹಾಕಿದ್ದೆವು. ಬಾಗಿಲಿನಲ್ಲಿ ಪ್ರಶ್ನೆ, ಅದರ ಪಕ್ಕದ ಗೋಡೆಯ ಮೇಲೆ ಉತ್ತರ. ಎರಡು ವರ್ಷ ನಮ್ಮಲ್ಲಿ ಒಬ್ಬರಿಗೂ ಇದು ಕಾಣಲಿಲ್ಲ.

ಕಂಡದ್ದು ಒಬ್ಬಳಿಗೆ. ದೇಹೂ ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ರಾಮಲಿಂಗಪ್ಪನವರ ಮಗಳು ಶಿವಾನಿ. ಇಪ್ಪತ್ತೈದರ ಹುಡುಗಿ. ವೆಬ್‌ಸೈಟುಗಳಲ್ಲಿ, ಬ್ರೌಸರುಗಳಲ್ಲಿ ಎಲ್ಲಿ ತೂತಿದೆ ಎಂದು ಹುಡುಕಿ, ಮಾಡಿದವರಿಗೆ ತಿಳಿಸುವುದೇ ಅವಳ ಉದ್ಯೋಗ. ಅವಳ ವಿವರವನ್ನು ತಂದೆ ನಮ್ಮಲ್ಲಿ ಹಾಕಿದ್ದರು. ಹೋದ ವರ್ಷ ಜನವರಿಯ ಒಂದು ಸೋಮವಾರ ಅವಳಿಂದ ವಿಭಾಗದ ಮುಖ್ಯಸ್ಥೆಯಾದ ನನ್ನ ಹೆಸರಿಗೆ ಒಂದು ಪತ್ರ ಬಂತು, ಒಳ್ಳೆಯ ಕನ್ನಡದಲ್ಲಿ. ‘ಮನೆದೇವರ ಪ್ರಶ್ನೆಯಿಂದ ಯಾರು ಬೇಕಾದರೂ ಯಾರ ಖಾಸಗಿ ಟಿಪ್ಪಣಿಯನ್ನೂ ಓದಬಹುದು. ನಾನು ನನ್ನ ಸ್ವಂತ ಖಾತೆಯಲ್ಲಿ ಮಾತ್ರ ಪರೀಕ್ಷಿಸಿದ್ದೇನೆ. ಮುಚ್ಚುವ ತನಕ ಯಾರಿಗೂ ಹೇಳುವುದಿಲ್ಲ. ಮುಚ್ಚುವ ವಿಧಾನ ಕೆಳಗಿದೆ.’ ಇಷ್ಟೇ ಪತ್ರ.

ಮುಂದಿನ ವಾರ ಒಂದು ಸಂಬಂಧ ಮುರಿಯಿತು. ಹುಡುಗಿಯ ಹೆಸರನ್ನು ನಾನು ಹೇಳುವುದಿಲ್ಲ, ಗೊತ್ತಿದ್ದವರು ದಯವಿಟ್ಟು ನೀವೂ ಹೇಳಬೇಡಿ. ಹುಡುಗ ಇಂದಾಪುರದಲ್ಲಿರುವ ನನ್ನ ತಂಗಿಯ ಮಗ ಮಾಂತು. ಎರಡನೆಯ ಸಲ ಇಬ್ಬರೂ ಭೇಟಿಯಾಗಿ ಕುಳಿತರು. ಹುಡುಗಿ ತನ್ನ ಬಗ್ಗೆ ಒಂದು ಮಾತು ಹೇಳಬೇಕೆಂದು ಬಂದಿದ್ದಳು. ಅವಳ ತಾಯಿ ಖಾಸಗಿ ಟಿಪ್ಪಣಿಯ ಕೊನೆಗೆ ಬರೆದಿದ್ದರು, ‘ಇದನ್ನು ಅವಳೇ ತನ್ನ ಬಾಯಿಂದ ಹುಡುಗನಿಗೆ ಹೇಳುತ್ತಾಳಂತೆ, ಬೇರೆ ಯಾರೂ ಹೇಳಬಾರದು’ ಎಂದು. ಅವಳು ಬಾಯಿ ತೆರೆಯುವ ಮೊದಲೇ ಮಾಂತು ಅದರ ಬಗ್ಗೆ ಅವಳಿಗೆ ಪ್ರಶ್ನೆ ಹಾಕಿಬಿಟ್ಟ. ಹುಡುಗಿ ಎದ್ದು ನಿಂತು ಇಷ್ಟೇ ಅಂದಳಂತೆ: “ನಾ ಹೇಳೂದನ್ನ ಬ್ಯಾರೆ ಯಾರೋ ಹೇಳಿಬಿಟ್ಟಾರ. ಇನ್ನ ಕೂತು ಏನು ಮಾಡೂದು?” ಹೊರಟೇಹೋದಳು. ಮಾಂತು ಒಳ್ಳೆಯ ಹುಡುಗ, ಅವನಿಗೆ ಅವಳು ಮನಸ್ಸಿಗೆ ಬಂದಿದ್ದಳು. ಎರಡು ತಿಂಗಳು ಅವನು ಸರಿಯಾಗಿ ಊಟ ಮಾಡಲಿಲ್ಲ.

ಟಿಪ್ಪಣಿ ಹೊರಗೆ ಬಿದ್ದದ್ದು ಹೇಗೆ? ಸಮಿತಿ ಸೇರಿತು. ಮಾಂತುವಿಗೆ ಯಾರು ಹೇಳಿದರೆಂದು ವಿಚಾರಿಸುವ ಕೆಲಸವನ್ನು, ಅವನ ದೊಡ್ಡಮ್ಮನೆಂದು ನನಗೇ ಬಿಟ್ಟರು. ನಾನು ಶಿವಾನಿಯ ಪತ್ರವನ್ನು ಮೇಜಿನ ಮೇಲಿಟ್ಟೆ. ಇಟ್ಟು ಸುಮ್ಮನೆ ಕುಳಿತೆ. ಒಳಗೆ ಹೋಗುವ ದಾರಿ ಗೊತ್ತಿದ್ದವರು ಒಬ್ಬರೇ ಎಂದಮೇಲೆ ಒಳಗೆ ಹೋದವರು ಯಾರು ಎಂದು ಎಲ್ಲರೂ ತಾವೇ ತೀರ್ಮಾನಿಸಿದರು. ವಿಕಾಸ ಅವಳ ಪತ್ರವನ್ನೇ ಮುಂದಿಟ್ಟುಕೊಂಡು ಅವತ್ತೇ ತೂತು ಮುಚ್ಚಿದರು. ಅವಳ ಹೆಸರನ್ನು ಸೈಟಿನಿಂದ ತೆಗೆದೆವು. ‘ಇತರರ ಖಾತೆಗಳನ್ನು ಅನುಮತಿಯಿಲ್ಲದೆ ತೆರೆದ ಕಾರಣ’ ಎಂದು ಅವಳಿಗೆ ಪತ್ರ ಕಳಿಸಿದೆವು. ಕರಡು ನನ್ನದು, ಸಹಿಯೂ ನನ್ನದು. ಅವಳು ಮರುಪತ್ರ ಬರೆದಳು, ‘ಯಾರು ಯಾವಾಗ ಒಳಗೆ ಬಂದರು ಎಂಬ ಪಟ್ಟಿ ಸೈಟಿನಲ್ಲೇ ಇರುತ್ತದೆ, ತೆಗೆಸಿ ನೋಡಿ’ ಎಂದು. ‘ಅವಶ್ಯಕತೆಯಿಲ್ಲ’ ಎಂದು ಉತ್ತರಿಸಿದವಳೂ ನಾನೇ.

ರಾಮಲಿಂಗಪ್ಪನವರು ಆಫೀಸಿಗೆ ಬಂದಿದ್ದರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. “ಅಕ್ಕಾರ, ನಿಮ್ಮ ಬಾಗಲಾ ತಗದದ ಅಂತ ಹೇಳಾಕ ಬಂದಾಕಿ ನನ್ನ ಮಗಳು. ಕಳವು ಮಾಡಾಕಿ ಮೊದಲು ಚೀಟಿ ಬರದು ಕಳಸ್ತಾಳೇನ್ರಿ?” ಎಂದು ಕೇಳಿದರು. ಇಪ್ಪತ್ತು ವರ್ಷ ನಮ್ಮ ವಾರ್ಷಿಕೋತ್ಸವದ ಮಂಟಪಕ್ಕೆ ಹಗ್ಗ, ಮೊಳೆ, ತಂತಿ ಎಲ್ಲ ಅವರ ಅಂಗಡಿಯಿಂದಲೇ ಬರುತ್ತಿತ್ತು. ಅಂದಿನಿಂದ ಅವರು ಸಂಘದ ಮೆಟ್ಟಿಲು ಹತ್ತಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಶಿವಾನಿಗೆ ನಮ್ಮ ಸೈಟಿನ ಹೊರಗೆ ಬಂದ ಸಂಬಂಧದವರು ನನಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಮೂರು ಮನೆಯವರು. “ಆ ಮಂದಿ ಖಾತೇ ತಗದು ನೋಡಿದ ಹುಡುಗಿ ಆಕೀನ ಏನ್ರಿ?” ಎಂದು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. “ಹಂಗ ಅಂತಾರ್ರಿ” ಎಂದೆ. ಮೂರು ಸಲವೂ ಅದೇ ಮಾತು. ಮೂರೂ ಮನೆಯವರು ಹಿಂದೆ ಸರಿದರು.

ನಿಮಗೆ ಆಶ್ಚರ್ಯವಾಗಬಹುದು, ಇಷ್ಟೆಲ್ಲ ಆದಮೇಲೂ ನನಗೆ ಹೆಚ್ಚಾಗಿ ಕಾಡುತ್ತಿದ್ದುದು ಕುತೂಹಲ. ಆ ಪಟ್ಟಿ ಎಂದರೇನು? ಅದರಲ್ಲಿ ಏನೇನು ಬರೆದಿರುತ್ತದೆ? ವಿಕಾಸ ಅವರನ್ನು ಕೇಳುವಂತಿರಲಿಲ್ಲ. ಯಾಕೆ ಕೇಳುತ್ತೀರಿ ಅಕ್ಕಾರ ಎಂದರೆ ಏನು ಹೇಳಲಿ? ವರ್ಷ ಕಳೆದರೂ ತಡೆಯಲಾಗಲಿಲ್ಲ. ಮೂರು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಲೋಕಲ್ ರೈಲು ಹಿಡಿದು ದೇಹೂ ರೋಡಿನಲ್ಲಿ ಇಳಿದೆ. ರಾಮಲಿಂಗಪ್ಪನವರು ಬಾಗಿಲು ತೆರೆದು, ಬೆನ್ನು ತಿರುಗಿಸಿ ಒಳಗೆ ಹೋದರು. ಶಿವಾನಿ ಬಂದು ಚಾಪೆ ಹಾಸಿದಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ.

“ನನಗ ನಿನ್ನ ಕೆಲಸ ಏನು ಅಂತ ತಿಳೀಬೇಕಾಗೇದ” ಎಂದೆ. ಅವಳು ಲ್ಯಾಪ್‌ಟಾಪ್ ತಂದಳು. ಎರಡು ತಾಸು ಹೇಳಿಕೊಟ್ಟಳು. ನಾನು ಅರವತ್ತೇಳರ ವಿದ್ಯಾರ್ಥಿನಿ.

ಬ್ರೌಸರ್ ಎಂದರೆ ನಾವು ಕೇಳಿದ ಪುಟವನ್ನು ತಂದು ತೋರಿಸುವ ಸಾಫ್ಟ್‌ವೇರ್. ಪುಟದಲ್ಲಿ ಏನು ಮಾಡೆಂದು ಬರೆದಿದೆಯೋ ಅದನ್ನು ಅದು ಮಾಡುತ್ತದೆ. ಬರೆದವನು ಮಾಲೀಕನೋ ದಾರಿಹೋಕನೋ ಎಂದು ಅದಕ್ಕೆ ತಿಳಿಯದೆಹೋದಲ್ಲಿ ತೂತು. ಇದನ್ನು ಕೇಳಿದಾಗ ನಾನು ಗುಮಾಸ್ತೆಯಾಗಿದ್ದ ಗೋದಾಮಿನ ಕಚೇರಿ ನೆನಪಾಯಿತು. ಅಲ್ಲಿ ಒಬ್ಬ ಕಿಡಿಗೇಡಿ ರಜೆಯ ಅರ್ಜಿಯಲ್ಲಿ, ಹೆಸರು ಬರೆಯುವ ಜಾಗದಲ್ಲಿ ‘ಶನಿವಾರ ಎಲ್ಲರಿಗೂ ರಜೆ’ ಎಂದು ಬರೆದ. ಹೊಸ ಟೈಪಿಸ್ಟ್ ಹುಡುಗಿ ಹೆಸರುಗಳನ್ನು ಇದ್ದ ಹಾಗೇ ಟೈಪ್ ಮಾಡಿ ಫಲಕಕ್ಕೆ ಅಂಟಿಸಿದಳು. ಶನಿವಾರ ಅರ್ಧ ಗೋದಾಮು ಖಾಲಿ. ಇದನ್ನು ಹೇಳಿದರೆ ಶಿವಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇದ ರೀ ಅಕ್ಕಾರ. ಹೆಸರು ಬರಿಯೂ ಜಾಗಾದಾಗ ಯಾರೋ ಹುಕುಂ ಬರೀತಾರ, ಸೈಟ್ ಅದನ್ನ ಹೆಸರು ಅಂತ ತಿಳಿಯೂದಿಲ್ಲ, ಹುಕುಂ ಅಂತ ನಡಸತದ. ನಾವು ವರ್ಷಗಟ್ಟಲೆ ಇದನ್ನ ಹುಡುಕ್ತೇವಿ” ಎಂದಳು. ಒಳಗಿನ ಕೋಣೆಯಲ್ಲಿ ರಾಮಲಿಂಗಪ್ಪನವರೂ ನಕ್ಕಂತೆ ಕೇಳಿಸಿತು. ನನಗೆ ಸಂತೋಷವಾಯಿತು, ಹಿಂದೆಯೇ ಬಹಳ ನಾಚಿಕೆಯೂ ಆಯಿತು.

ನನ್ನ ಮೊಬೈಲನ್ನೂ ನೋಡಿದಳು. ಬ್ರೌಸರನ್ನು ಹೊಸದು ಮಾಡಿಕೊಳ್ಳಿ ಎಂದು ಬಂದ ಸೂಚನೆಗೆ ನಾನು ‘ಆಮೇಲೆ’ ಒತ್ತುತ್ತ ಒಂದೂವರೆ ವರ್ಷ ಕಳೆದಿದ್ದೆ. “ತೂತು ಬಿದ್ದದ್ದು ಗೊತ್ತಾದಮ್ಯಾಲೆ ಅವರು ಅದನ್ನ ಮುಚ್ಚಾಕ ತ್ಯಾಪಿ ಕಳಸ್ತಾರ್ರಿ. ನೀವು ಹಚ್ಚಿಕೊಳ್ಳಲಿಲ್ಲ ಅಂದ್ರ, ತೂತು ಎಲ್ಲಿ ಅದ ಅಂತ ಜಗತ್ತಿಗೆಲ್ಲಾ ಗೊತ್ತು, ಮುಚ್ಚದೇ ಇದ್ದದ್ದು ನಿಮ್ಮದೊಂದ” ಎಂದಳು. ಇದನ್ನು ನೀವೂ ಮನೆಗೆ ಹೋದಮೇಲೆ ಮಾಡಿ. ಊಟದ ಸಾಲಿನಲ್ಲಿ ನಿಂತಾಗಲೇ ಮಾಡಬಹುದು.

ಕೊನೆಗೆ ಪಟ್ಟಿಯ ವಿಷಯ ಕೇಳಿದೆ. ಯಾವ ಖಾತೆ, ಯಾವ ದಿನ, ಎಷ್ಟು ಗಂಟೆಗೆ, ಯಾವ ಇಂಟರ್ನೆಟ್ ಸಂಪರ್ಕದಿಂದ ತೆರೆಯಿತು, ಎಲ್ಲ ಇರುತ್ತದಂತೆ. “ಇನ್ನೂ ಇದ್ದೀತೇನು?” ಎಂದೆ. “ಇದ್ದೇ ಇರತದ್ರಿ” ಎಂದಳು. ಬಾಗಿಲ ತನಕ ಬಂದು, ನಾನು ಚಪ್ಪಲಿ ಮೆಟ್ಟುವಾಗ ಇನ್ನೊಂದು ಮಾತು ಹೇಳಿದಳು: “ಅಕ್ಕಾರ, ನಮ್ಮ ಕೆಲಸದಾಗ ಒಂದು ರೀತಿ ಅದ. ತೂತು ಕಂಡ ಕೂಡಲೇ ಊರಿಗೆಲ್ಲಾ ಸಾರೂದಿಲ್ಲ. ಮಾಡಿದವರಿಗೆ ಹೇಳಿ ತೊಂಬತ್ತು ದಿವಸ ಕೊಡ್ತೇವಿ, ಅವರ ಸರಿ ಮಾಡ್ಕೋಲಿ ಅಂತ.” ಅವಳಿಗೆ ಏನು ಗೊತ್ತಿತ್ತು, ಎಷ್ಟು ಗೊತ್ತಿತ್ತು? ಲೋಕಲ್ಲಿನಲ್ಲಿ ಕುಳಿತು ಯೋಚಿಸಿದೆ. ಈಗಲೂ ಯೋಚಿಸುತ್ತಿದ್ದೇನೆ. ಆ ದಿನದಿಂದ ಎಣಿಸಿದರೆ ಇಂದಿಗೆ ಎಂಬತ್ತೇಳನೆಯ ದಿನ.

ವಿಕಾಸ, ನೀವು ಆಗಿನಿಂದ ಕ್ಯಾಮೆರಾ ಬಿಟ್ಟು ನನ್ನನ್ನೇ ನೋಡುತ್ತಿದ್ದೀರಿ. ನಾನು ಆ ಹುಡುಗಿಯ ತಾಯಿ ಬರೆದ ಕೊನೆಯ ಸಾಲನ್ನು ಹೇಳಿದಾಗಿನಿಂದ. ನನಗೂ ಹೇಳಿದ ಮೇಲೆಯೇ ಗೊತ್ತಾಯಿತು. ಆ ಟಿಪ್ಪಣಿಯನ್ನು ನಾನು ನೋಡುವಂತೆಯೇ ಇರಲಿಲ್ಲ. ಹಾಗಿದ್ದರೆ ಅದರ ಕೊನೆಯ ಸಾಲು ನನ್ನ ಬಾಯಿಗೆ ಎಲ್ಲಿಂದ ಬಂತು? ನೀವು ಕೇಳುತ್ತಿರುವುದು ಇದನ್ನೇ ಅಲ್ಲವೇ?

ಹೌದು. ನಾನು ಓದಿದ್ದೇನೆ.

ಶಿವಾನಿಯ ಪತ್ರ ಸೋಮವಾರ ಬಂತು. ಬುಧವಾರ ಮಧ್ಯಾಹ್ನ ಸಂಘದ ಆಫೀಸಿನ ಕಂಪ್ಯೂಟರಿನಲ್ಲಿ, ಅವಳು ಹೇಳಿದ್ದು ನಿಜವೇ ನೋಡೋಣ ಎಂದು ಕುಳಿತೆ. ನನ್ನ ಮಟ್ಟಿಗೆ ಅದು ಪರೀಕ್ಷೆ. ಪರೀಕ್ಷೆಗೆ ನನ್ನ ತಂಗಿಯ ಮಗನಿಗೆ ನೋಡುತ್ತಿದ್ದ ಹುಡುಗಿಯ ಖಾತೆಯೇ ಯಾಕೆ ಬೇಕಿತ್ತು? ಕೇಳಿ, ನಾನೂ ಕೇಳಿಕೊಂಡಿದ್ದೇನೆ. ಮನೆದೇವರು ಬನಶಂಕರಿ ಎಂದು ಒತ್ತಿದೆ, ತೆರೆಯಿತು. ಓದಿದೆ. ಬೇರೆ ಯಾರೂ ಹೇಳಬಾರದು ಎಂಬ ಸಾಲನ್ನೂ ಓದಿದೆ. ಓದಿಯೂ ಸಂಜೆ ತಂಗಿಗೆ ಫೋನ್ ಮಾಡಿದೆ. ಮೂವತ್ತು ವರ್ಷ ಹೊರಗೆ ಬಿಡದವಳು ಅವತ್ತು ಬಿಟ್ಟೆ. ಎರಡು ವರ್ಷ ನನಗೆ ಯಾರೂ ಏನೂ ಹೇಳಿರಲಿಲ್ಲ, ಅವತ್ತು ನನ್ನ ಹತ್ತಿರ ಹೇಳುವುದಕ್ಕೆ ಒಂದು ವಿಷಯ ಇತ್ತು. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆ ಹುಡುಗಿ ಧೈರ್ಯ ಮಾಡಿ ಕೂಡಿಟ್ಟುಕೊಂಡು ಬಂದ ಮಾತನ್ನು ನಾನು ಕದ್ದೆ. ಶಿವಾನಿಯ ಹೆಸರನ್ನು ಮುಂದೆ ಮಾಡಿ ನಾನು ಹಿಂದೆ ನಿಂತೆ. ಫೋನ್ ಮಾಡಿದ ಮೂರು ಮನೆಯವರಲ್ಲಿ ಇಬ್ಬರು ಇಲ್ಲಿಯೇ ಕುಳಿತಿದ್ದೀರಿ. ನಾನು ಅಂದು ‘ಹಂಗ ಅಂತಾರ್ರಿ’ ಎಂದೆನಲ್ಲ, ಹಾಗೆ ಅನ್ನುವಂತೆ ಮಾಡಿದವಳು ನಾನೇ.

ನಿಜ ಹೇಳಬೇಕೆಂದರೆ, ಇಷ್ಟನ್ನು ಹೇಳಬೇಕೆಂದು ನಾನು ಮನೆಯಿಂದ ಹೊರಟಿರಲಿಲ್ಲ. ಶಿವಾನಿಗೆ ಕಳಿಸಿದ ಹಳೆಯ ಪತ್ರವನ್ನು ರದ್ದು ಮಾಡುವ ಹೊಸ ಪತ್ರವೊಂದನ್ನು ಟೈಪ್ ಮಾಡಿಸಿಕೊಂಡು ಬಂದಿದ್ದೆ. ಈ ಸಭೆ ಮುಗಿಯುವ ತನಕ ನಾನೇ ವಿಭಾಗದ ಮುಖ್ಯಸ್ಥೆ, ನನ್ನ ಸಹಿ ನಡೆಯುತ್ತದೆ. ಅದರಲ್ಲಿ ಹೀಗಿದೆ: ‘ಕುಮಾರಿ ಶಿವಾನಿಯವರು ಇತರರ ಖಾತೆ ತೆರೆದಿರುವುದಕ್ಕೆ ಸಾಕಷ್ಟು ಆಧಾರ ದೊರೆತಿಲ್ಲ.’ ನೋಡಿ, ಗುಮಾಸ್ತೆಯ ಜಾಣತನ. ಆಧಾರ ದೊರೆತಿಲ್ಲವಂತೆ, ಆಧಾರ ಎಲ್ಲಿಗೋ ತಿರುಗಾಡಲು ಹೋದ ಹಾಗೆ.

ಅಧ್ಯಕ್ಷರೇ, ನಿಮ್ಮ ಪೆನ್ನು ಸ್ವಲ್ಪ ಕೊಡಿ. ಈ ಸಾಲನ್ನು ಹೊಡೆದುಹಾಕುತ್ತಿದ್ದೇನೆ. ಅದರ ಮೇಲೆ ಕೈಯಿಂದ ಬರೆಯುತ್ತಿದ್ದೇನೆ, ಬರೆಯುತ್ತಲೇ ಓದುತ್ತೇನೆ. ವಿಕಾಸ, ಕ್ಯಾಮೆರಾ ಸರಿಯಾಗಿ ಹಿಡಿಯಿರಿ, ಇದನ್ನು ಫೋನ್ ಮಾಡಿದ ಮೂರನೆಯ ಮನೆಯವರಿಗೂ ಕಳಿಸಬೇಕು. ‘ಶಿವಾನಿ ರಾಮಲಿಂಗಪ್ಪ ಅವರು ಯಾರ ಖಾತೆಯನ್ನೂ ತೆರೆದಿಲ್ಲ. ಬಾಗಿಲು ತೆರೆದಿದೆ ಎಂದು ಬಂದು ಹೇಳಿದವರು ಅವರು. ಒಳಗೆ ಹೋದವಳು ಈ ಕೆಳಗೆ ಸಹಿ ಮಾಡಿದವಳು.’

ಸಹಿ, ಚನ್ನಬಸವ್ವ. ಇವತ್ತಿನ ತಾರೀಖು.

ಕೇಳಿದ್ದಕ್ಕೆ, ನಡುವೆ ಯಾರೂ ಎದ್ದು ಹೋಗದೆ ಇದ್ದದ್ದಕ್ಕೆ, ನಿಮ್ಮೆಲ್ಲರಿಗೂ ನಾನು ಋಣಿ. ಶಾಲು ಹಾಗೆಯೇ ಇರಲಿ. ದೇಹೂ ರೋಡಿಗೆ ಐದೂ ನಲವತ್ತಕ್ಕೆ ಒಂದು ಲೋಕಲ್ ಇದೆ, ಈ ಪತ್ರವನ್ನು ಟಪಾಲಿಗೆ ಹಾಕುವಂತಿಲ್ಲ, ಕೈಯಲ್ಲೇ ಕೊಡಬೇಕು. ಅವರು ಬಾಗಿಲು ತೆರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಹೊರಗೇ ನಿಂತು ಕ್ಷಮೆ ಕೇಳುತ್ತೇನೆ. ನಮಸ್ಕಾರ.